ಪಿಯುಸಿ ಮುಗಿದ ಮೇಲೆ: ಪದವಿ ಪ್ರವೇಶದ ದಾರಿ, ಹೆತ್ತವರ ಪಾಲು

ದ್ವಿತೀಯ ಪಿಯುಸಿ ಓದುತ್ತಿರುವವರ ಮುಂದಿರುವ ಅರ್ಜಿ ಒಂದಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರ ಅರ್ಜಿ ಒಂದು ಕಡೆ ಹೋಗುತ್ತದೆ. ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ ಬಯಸುವವರದು ಇನ್ನೊಂದು ಕಡೆ. ಡಾಕ್ಟರಾಗಬೇಕು ಎನ್ನುವವರದು ಎರಡು ಕಡೆ. ಒಂದೊಂದಕ್ಕೂ ಬೇರೆ ಗಡುವು, ಬೇರೆ ನಿಯಮ. ಓದಿ ಅಂಕ ತೆಗೆಯುವುದು ಮಕ್ಕಳ ಕೆಲಸ. ಆ ಅಂಕ ಸೀಟಾಗಿ ಕೈಗೆ ಸಿಗಬೇಕಾದರೆ ಪ್ರಮಾಣಪತ್ರಗಳು ಸರಿಯಿರಬೇಕು, ದಿನಾಂಕ ತಪ್ಪಬಾರದು, ಕಾಲೇಜುಗಳ ಆಯ್ಕೆಪಟ್ಟಿ ಯೋಚಿಸಿ ಬರೆದದ್ದಾಗಿರಬೇಕು. ಈ ಪಾಲಿನ ಹೊಣೆ ಬಹುಮಟ್ಟಿಗೆ ಮನೆಯವರದು. ಇದಕ್ಕೆ ದೊಡ್ಡ ಓದೇನೂ ಬೇಕಿಲ್ಲ. ಯಾವ ಕೆಲಸದ ನಂತರ ಯಾವ ಕೆಲಸ ಎಂಬುದು ಗೊತ್ತಿದ್ದರೆ ಸಾಕು.

ಮೊದಲು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಸಂಬಂಧ ತಿಳಿಯಬೇಕು. ವಿದ್ಯಾರ್ಥಿ ಸೇರುವುದು ಕಾಲೇಜಿಗೆ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯ. ಉದಾಹರಣೆಗೆ, ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ಹಿಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1987ರಲ್ಲಿ ಆರಂಭವಾದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಆಮೇಲೆ ಸೇರಿದವು. 2009ರಿಂದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜನ ಪದವಿಪತ್ರ ಮೈಸೂರಿನದು, ಅಪ್ಪನದು ಕುವೆಂಪು, ಮಗಳದು ದಾವಣಗೆರೆ ಆಗಿರುವುದುಂಟು. ವೃತ್ತಿಶಿಕ್ಷಣದ ಕಾಲೇಜುಗಳ ವ್ಯವಸ್ಥೆ ಬೇರೆ. ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ಕಾಲೇಜು ಮತ್ತು ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಚಿತ್ರದುರ್ಗದ ಬಸವೇಶ್ವರ ವೈದ್ಯಕೀಯ ಕಾಲೇಜು ಮತ್ತು 2023ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಹಿರಿಯೂರಿನ ಬಬ್ಬೂರು ಫಾರಂನ ತೋಟಗಾರಿಕೆ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ್ದು.

ಸಾಮಾನ್ಯ ಪದವಿಯ ದಾರಿ ಎಲ್ಲಕ್ಕಿಂತ ಸರಳ. ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಬಿ.ಎ., ಬಿ.ಸಿ.ಎ. ತರಗತಿಗಳಿಗೆ ಯುಯುಸಿಎಂಎಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ವಿದ್ಯಾರ್ಥಿ ಮೊದಲು ಹೆಸರು ನೋಂದಾಯಿಸಿ, ಕಾಲೇಜು ಮತ್ತು ವಿಷಯಗಳನ್ನು ಆರಿಸುತ್ತಾನೆ. ಕಾಲೇಜಿನವರು ದಾಖಲೆ ನೋಡಿ, ಅಂಕ ಮತ್ತು ಮೀಸಲಾತಿಯ ಪ್ರಕಾರ ಪಟ್ಟಿ ಮಾಡುತ್ತಾರೆ. ಹಿರಿಯೂರಿನ ವಾಣಿ ಸಕ್ಕರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗಾಗಲಿ, ಹೊಸದುರ್ಗ, ಹೊಳಲ್ಕೆರೆಯ ಸರ್ಕಾರಿ ಕಾಲೇಜುಗಳಿಗಾಗಲಿ, ಚಿತ್ರದುರ್ಗದ ಸರ್ಕಾರಿ ಕಲಾ ಕಾಲೇಜು, ವಿಜ್ಞಾನ ಕಾಲೇಜುಗಳಿಗಾಗಲಿ ಇದೇ ಕ್ರಮ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಪದ್ಧತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಬಿಟ್ಟಿದ್ದು, ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಇಲ್ಲಿ ಮುಖ್ಯವಾದದ್ದು ವಿಷಯಗಳ ಆಯ್ಕೆ. ಮುಂದೆ ಎಂ.ಎಸ್ಸಿ. ಅಥವಾ ಬಿ.ಇಡಿ. ಮಾಡುವ ಆಸೆಯಿದ್ದರೆ, ಅದಕ್ಕೆ ಪದವಿಯಲ್ಲಿ ಯಾವ ವಿಷಯ ಬೇಕೆಂದು ಅಧ್ಯಾಪಕರನ್ನು ಮೊದಲೇ ಕೇಳಿಕೊಳ್ಳಬೇಕು.

ಎರಡನೆಯದು ಸಿಇಟಿ ದಾರಿ. ಈ ಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುತ್ತದೆ. ಎಂಜಿನಿಯರಿಂಗ್, ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ, ಫಾರ್ಮಸಿ, ಬಿ.ಎಸ್ಸಿ. ನರ್ಸಿಂಗ್, ಪ್ರಕೃತಿ ಚಿಕಿತ್ಸೆ ಮುಂತಾದ ಕೋರ್ಸುಗಳಿಗೆ ಇದೇ ಬಾಗಿಲು. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಆದ್ದರಿಂದ ಸಿಇಟಿಯೊಂದಕ್ಕೇ ತಯಾರಾಗಿ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ಕಂಡರೆ ರ‍್ಯಾಂಕ್ ಕೆಳಗಿಳಿಯುತ್ತದೆ. ಅದಲ್ಲದೆ ಈ ಮೂರು ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಒಟ್ಟು ಶೇ. 45, ಮೀಸಲು ವರ್ಗದವರಿಗೆ ಶೇ. 40 ಅಂಕ ಬಂದಿರಲೇಬೇಕು.

ವೈದ್ಯಕೀಯ, ದಂತ ವೈದ್ಯಕೀಯ ಮತ್ತು ಆಯುರ್ವೇದಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, ನೀಟ್. ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಇದರಲ್ಲಿ ಹಲವರು ಎಡವುವ ಜಾಗವೊಂದಿದೆ. ನೀಟ್ ಬರೆದ ಮಾತ್ರಕ್ಕೆ ಕರ್ನಾಟಕದ ಸೀಟು ಸಿಗುವುದಿಲ್ಲ. ರಾಜ್ಯದ ಪಾಲಿನ ಸೀಟುಗಳನ್ನು ಹಂಚುವುದು ಕೆಇಎ ಆದ್ದರಿಂದ ಅಲ್ಲಿಯೂ ಹೆಸರು ನೋಂದಾಯಿಸಿರಬೇಕು. ಸುರತ್ಕಲ್ಲಿನ ಎನ್‌ಐಟಿಕೆಗೆ ಜೆಇಇ ಮೇನ್ ಬರೆಯಬೇಕು. ಧಾರವಾಡದ ಐಐಟಿಗೆ ಅದರ ಮೇಲೆ ಜೆಇಇ ಅಡ್ವಾನ್ಸ್‌ಡ್ ಕೂಡ ಬೇಕು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಪದವಿಗೆ ಸೇರಲು 2022ರಲ್ಲಿ ಆರಂಭವಾದ ಸಿಯುಇಟಿ ಇದೆ.

ಇನ್ನು ಕಾಗದಪತ್ರಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಇದಕ್ಕೆ ತಾಲ್ಲೂಕು ಕೇಂದ್ರಕ್ಕೇ ಹೋಗಬೇಕಿಲ್ಲ. ಭರಮಸಾಗರ, ತುರುವನೂರು, ಧರ್ಮಪುರ, ಐಮಂಗಲ, ಮತ್ತೋಡು, ಶ್ರೀರಾಂಪುರ, ರಾಮಗಿರಿ, ತಾಳ್ಯದಂಥ ಹೋಬಳಿಗಳಲ್ಲೇ ಆಗುತ್ತದೆ. ಪ್ರಮಾಣಪತ್ರದ ಮೇಲೆ ಆರ್‌ಡಿ ಅಕ್ಷರಗಳಿಂದ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಈ ಸಂಖ್ಯೆ ಹಾಕಿದಾಗ ಕಂಪ್ಯೂಟರ್ ಕಂದಾಯ ಇಲಾಖೆಯ ದಾಖಲೆಯೊಡನೆ ಅದನ್ನು ತಾಳೆ ನೋಡುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರ ಜಾತಿ ಪ್ರಮಾಣಪತ್ರಕ್ಕೆ ಜೀವಿತಾವಧಿಯ ಮಾನ್ಯತೆ ಇದೆ. 2ಎ, 2ಬಿ, 3ಎ, 3ಬಿ ವರ್ಗದವರದು ಐದು ವರ್ಷಕ್ಕೆ ಮುಗಿಯುತ್ತದೆ. ಮಗ ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ ಪತ್ರ ಸಿಇಟಿ ಹೊತ್ತಿಗೆ ಅವಧಿ ಮೀರಿರಬಹುದು. ಪತ್ರದ ದಿನಾಂಕವನ್ನು ಒಮ್ಮೆ ನೋಡಿಕೊಂಡರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ಹೆಸರಿನ ವ್ಯತ್ಯಾಸ ಇನ್ನೊಂದು ತೊಡಕು. ಚಿತ್ರದುರ್ಗ ಜಿಲ್ಲೆಯಲ್ಲಿ ಮನೆಮನೆಯಲ್ಲಿರುವ ತಿಪ್ಪೇಸ್ವಾಮಿ ಎಂಬ ಹೆಸರನ್ನೇ ನೋಡಬಹುದು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿರುತ್ತದೆ, ಆಧಾರ್‌ನಲ್ಲಿ ಮುಂದಿರುತ್ತದೆ, ಜಾತಿ ಪ್ರಮಾಣಪತ್ರದಲ್ಲಿ ಇರುವುದೇ ಇಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಕಡೆ ಎಚ್ ಅಕ್ಷರ ಸೇರಿರುತ್ತದೆ, ಇನ್ನೊಂದು ಕಡೆ ಬಿಟ್ಟಿರುತ್ತದೆ. ಮನೆಯವರಿಗೆ ಇದು ಸಣ್ಣ ವಿಷಯ. ಕಂಪ್ಯೂಟರಿಗೆ ಇವರು ಬೇರೆಬೇರೆ ಜನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಬೇಕು. ಆಧಾರ್ ತಿದ್ದುಪಡಿಗೆ ಸಮಯ ಹಿಡಿಯುವುದರಿಂದ ಈ ಕೆಲಸ ಪ್ರಥಮ ಪಿಯುಸಿಯ ರಜೆಯಲ್ಲೇ ಮುಗಿದಿರುವುದು ಒಳ್ಳೆಯದು.

ಜಾತಿಯ ಮೀಸಲಾತಿಯಲ್ಲದೆ, ಹಳ್ಳಿಯ ಮಕ್ಕಳಿಗೆ ನೆರವಾಗುವ ಎರಡು ಕೋಟಾಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟು ಮೀಸಲಿವೆ. ಹತ್ತು ವರ್ಷವೂ ಪೂರ್ತಿಯಾಗಿರಬೇಕು. ಏಳನೆಯ ತರಗತಿಯವರೆಗೆ ಊರ ಶಾಲೆಯಲ್ಲಿ ಓದಿ, ಹೈಸ್ಕೂಲಿಗೆ ಹಿರಿಯೂರು ಪೇಟೆಗೆ ಬಂದ ಹುಡುಗಿಗೆ, ಮನೆ ಹಳ್ಳಿಯಲ್ಲೇ ಇದ್ದರೂ, ಗ್ರಾಮೀಣ ಕೋಟಾ ಸಿಗುವುದಿಲ್ಲ. ಪೇಟೆಯ ಹೈಸ್ಕೂಲಿಗೆ ಸೇರಿಸುವ ಮುಂಚೆಯೇ ಹೆತ್ತವರು ಇದನ್ನು ತಿಳಿದಿರಬೇಕು. ಈ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಎರಡು ಮೂರು ಶಾಲೆ ಬದಲಿಸಿದವರು ಪ್ರತಿ ಶಾಲೆಯಿಂದಲೂ ಪತ್ರ ತರಬೇಕು. ಅರ್ಜಿಯಲ್ಲಿ ಕೋಟಾ ಕೇಳದೆ ಬಿಟ್ಟು, ಸೀಟು ಹಂಚುವಾಗ ಕೇಳಿದರೆ ಪ್ರಯೋಜನವಿಲ್ಲ.

ರೈತರ ಮಕ್ಕಳಿಗೆ ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಕೋರ್ಸುಗಳಲ್ಲಿ ಕೃಷಿಕರ ಕೋಟಾ ಇದೆ. ಈ ಕೋಟಾ ಕೇಳುವವರು ಜಮೀನು, ಕೃಷಿ ಮತ್ತು ಆದಾಯಕ್ಕೆ ಸಂಬಂಧಿಸಿದ ಪ್ರಮಾಣಪತ್ರಗಳ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸುತ್ತಾರೆ. ಅಲ್ಲಿ ಬೀಜ, ಬೆಳೆ, ಗೊಬ್ಬರ, ಬೇಸಾಯದ ಉಪಕರಣಗಳನ್ನು ಗುರುತಿಸಬೇಕಾಗುತ್ತದೆ. ಶೇಂಗಾ, ರಾಗಿ, ಮೆಕ್ಕೆಜೋಳದ ಹೊಲದಲ್ಲಿ, ಅಡಿಕೆ, ತೆಂಗು, ದಾಳಿಂಬೆಯ ತೋಟದಲ್ಲಿ ಕೈಗೆ ಮಣ್ಣು ಹತ್ತಿಸಿಕೊಂಡು ಬೆಳೆದ ಮಕ್ಕಳಿಗೆ ಆ ಅನುಭವವೇ ಇಲ್ಲಿ ಅಂಕ. ಹೊಸದುರ್ಗ, ಹೊಳಲ್ಕೆರೆಯ ರೈತ ಕುಟುಂಬಗಳು ಇದನ್ನು ಕಳೆದುಕೊಳ್ಳಬಾರದು.

ರಾಜ್ಯದ ಪ್ರಮಾಣಪತ್ರ ಎಲ್ಲ ಕಡೆ ನಡೆಯುವುದಿಲ್ಲ. 2ಎ, 3ಬಿ ಮುಂತಾದ ವಿಂಗಡಣೆ ಕರ್ನಾಟಕದ್ದು ಮಾತ್ರ. ಐಐಟಿ, ಎನ್‌ಐಟಿ, ಕೇಂದ್ರೀಯ ವಿಶ್ವವಿದ್ಯಾಲಯ, ನೀಟ್‌ನ ಅಖಿಲ ಭಾರತ ಕೋಟಾ ಇವುಗಳಿಗೆ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇರೆಯಾಗಿ ಬೇಕು. 3ಬಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ತಮ್ಮ ಜಾತಿ ಆ ಪಟ್ಟಿಯಲ್ಲಿದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿಕೊಂಡು ಅರ್ಜಿ ತುಂಬಬೇಕು.

ರ‍್ಯಾಂಕ್ ಬಂದು ದಾಖಲೆಗಳ ಪರಿಶೀಲನೆ ಮುಗಿದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವ ಹಂತ. ಹೊಳಲ್ಕೆರೆಯ ಒಬ್ಬ ವಿದ್ಯಾರ್ಥಿನಿ ಕಂಪ್ಯೂಟರ್ ಸೈನ್ಸಿಗೆ ಮೊದಲು ಬೆಂಗಳೂರಿನ ಒಂದು ಕಾಲೇಜು, ಎರಡನೆಯದಾಗಿ ದಾವಣಗೆರೆಯ ಯುಬಿಡಿಟಿ, ಮೂರನೆಯದಾಗಿ ಚಿತ್ರದುರ್ಗದ ಎಸ್‌ಜೆಎಂ, ನಾಲ್ಕನೆಯದಾಗಿ ಚಳ್ಳಕೆರೆಯ ಸರ್ಕಾರಿ ಕಾಲೇಜು ಬರೆದಿದ್ದಾಳೆ ಎನ್ನಿ. ಕಂಪ್ಯೂಟರ್ ಅವಳ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಸೀಟು ಉಳಿದಿರುವ ಮೊದಲ ಜಾಗದಲ್ಲಿ ನಿಲ್ಲುತ್ತದೆ. ಮೂರನೆಯದರಲ್ಲಿ ಸೀಟು ಸಿಕ್ಕರೆ ನಾಲ್ಕನೆಯದು ತಾನಾಗಿ ಬಿದ್ದುಹೋಗುತ್ತದೆ. ಹೀಗಿರುವಾಗ ಸಿಗುವುದು ಕಷ್ಟ ಎನಿಸಿದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನಿಲ್ಲ. ಸಿಕ್ಕರೂ ಸೇರಲು ಮನಸ್ಸಿಲ್ಲದ ಕಾಲೇಜನ್ನು ಬರೆಯಲೇಬಾರದು. ತುಂಬ ಕಡಿಮೆ ಹೆಸರು ಬರೆಯುವುದೂ ಅಪಾಯ. ಮೊದಲು ಅಣಕು ಹಂಚಿಕೆ ನಡೆಯುತ್ತದೆ. ಅದನ್ನು ನೋಡಿ ಕ್ರಮ ಬದಲಿಸಲು ಅವಕಾಶವಿದೆ.

ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಬೇಕು. ಮೊದಲನೆಯದು, ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುವುದು. ಎರಡನೆಯದು, ಈ ಸೀಟು ಇರಲಿ, ಮೇಲಿನ ಕಾಲೇಜು ಸಿಗುವುದೇನೋ ಎಂದು ಮುಂದಿನ ಸುತ್ತಿಗೂ ಹೋಗುವುದು. ಮೇಲಿನದು ಸಿಕ್ಕರೆ ಹಳೆಯದು ರದ್ದಾಗುತ್ತದೆ. ಮೂರನೆಯದು, ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನೆಯದು ಮತ್ತು ಮೂರನೆಯದರ ನಡುವಿನ ಅಂತರ ದೊಡ್ಡದು: ಒಂದರಲ್ಲಿ ಕೈಯಲ್ಲಿರುವ ಸೀಟು ಉಳಿಯುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ಶುಲ್ಕ ಯಾವಾಗ ಕಟ್ಟಬೇಕೆಂಬ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಸೂಚನೆಯನ್ನು ಪೂರ್ತಿ ಓದಿಯೇ ಗುಂಡಿ ಒತ್ತಬೇಕು.

ಈ ಕೆಲಸಗಳನ್ನು ಹೆಚ್ಚಿನವರು ಸೈಬರ್ ಸೆಂಟರಿನಲ್ಲಿ ಮಾಡಿಸುತ್ತಾರೆ. ಹಾಗೆ ಮಾಡಿಸುವಾಗ ಮನೆಯವರದೇ ಮೊಬೈಲ್ ಸಂಖ್ಯೆ ಕೊಡಬೇಕು. ಒಟಿಪಿ ಬರುವುದು, ಮುಂದಿನ ಸೂಚನೆಗಳು ಬರುವುದು ಅದಕ್ಕೇ. ಪಾಸ್‌ವರ್ಡನ್ನು ವಿದ್ಯಾರ್ಥಿಯೇ ಇಟ್ಟುಕೊಳ್ಳಬೇಕು, ಆಪ್ಷನ್ ಪಟ್ಟಿಯನ್ನು ಮನೆಯಲ್ಲೇ ಕೂತು ಬರೆದುಕೊಂಡು ಹೋಗಬೇಕು. ದುಡ್ಡು ಕೊಟ್ಟರೆ ಸರ್ಕಾರಿ ಕೋಟಾದ ಸೀಟು ಕೊಡಿಸುತ್ತೇವೆ ಎನ್ನುವವರ ಮಾತು ಸುಳ್ಳು. ಆ ಸೀಟು ರ‍್ಯಾಂಕಿಗೆ ಮಾತ್ರ ಸಿಗುತ್ತದೆ.

ಹಣದ ಚಿಂತೆಗೂ ದಾರಿಗಳಿವೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಹಣ ಬರುವುದು ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸಾಮಾನ್ಯ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿದೆ. ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಈ ಮೊತ್ತ 10,000 ಮತ್ತು 11,000. ಇದಕ್ಕೆ ರೈತರ ಹೆಸರು ಫ್ರೂಟ್ಸ್ ಎಂಬ ಸರ್ಕಾರಿ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕು. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕದ ವಿನಾಯಿತಿ ಇದೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳಿಗೆ ಬೇರೆಯೇ ಅರ್ಜಿ ಹಾಕಬೇಕು. ಕಾಲೇಜಿಗೆ ಸೇರಿದ ಮಾತ್ರಕ್ಕೆ ಹಾಸ್ಟೆಲ್ ಸಿಗುವುದಿಲ್ಲ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿ ಅಡ ಇಡಬೇಕಿಲ್ಲ.

ಒಟ್ಟು ಕೆಲಸವನ್ನು ತಿಂಗಳುಗಳ ಪ್ರಕಾರ ಹೀಗೆ ಜೋಡಿಸಿಕೊಳ್ಳಬಹುದು. ಪ್ರಥಮ ಪಿಯುಸಿ ಮುಗಿದ ರಜೆಯಲ್ಲಿ ಹೆಸರಿನ ತಿದ್ದುಪಡಿ, ಆಧಾರ್–ಬ್ಯಾಂಕ್ ಜೋಡಣೆ. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲಿ ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳು. ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಸಿಇಟಿ ಮತ್ತು ನೀಟ್ ಅರ್ಜಿ. ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಏಪ್ರಿಲ್‌ನಲ್ಲಿ ಸಿಇಟಿ, ಮೇ ತಿಂಗಳಲ್ಲಿ ನೀಟ್. ಬೋರ್ಡ್ ಪರೀಕ್ಷೆಯಲ್ಲಿ ಅಂಕ ಸಾಲದಿದ್ದರೆ ಪರೀಕ್ಷೆ 2 ಇದೆ. ಒಂದು ಸಲದ ಫಲಿತಾಂಶಕ್ಕೆ ಮಗು ಕುಗ್ಗಬೇಕಾಗಿಲ್ಲ, ಮನೆಯವರು ಬೈಯಬೇಕಾಗಿಯೂ ಇಲ್ಲ. ಪಿಯುಸಿ ಫಲಿತಾಂಶ ಬಂದ ಕೂಡಲೇ, ಸಿಇಟಿ ಬರೆದವರೂ ಹತ್ತಿರದ ಪದವಿ ಕಾಲೇಜಿಗೆ ಒಂದು ಅರ್ಜಿ ಹಾಕಿಟ್ಟಿರಬೇಕು. ಆಮೇಲೆ ಆಪ್ಷನ್ ಎಂಟ್ರಿ ಮತ್ತು ಸುತ್ತುಗಳು ನಡೆದು ಸೀಟು ಖಚಿತವಾಗುತ್ತದೆ. ಕಾಲೇಜಿಗೆ ಮೂಲ ದಾಖಲೆ ಒಪ್ಪಿಸುವ ದಿನ ಪ್ರತಿಯೊಂದರ ಜೆರಾಕ್ಸ್ ಮನೆಯಲ್ಲಿ ಉಳಿಸಿಕೊಳ್ಳಬೇಕು. ವಿದ್ಯಾರ್ಥಿವೇತನ, ಹಾಸ್ಟೆಲ್, ಸಾಲ ಎಲ್ಲಕ್ಕೂ ಅವು ಮತ್ತೆ ಬೇಕಾಗುತ್ತವೆ.