ಮನೆಯೊಳಗಿನ ಚಂಚಲ ಬಾಲಕ
(ಉಪನ್ಯಾಸದ ಸಾರ)



2020ರ ಮಾರ್ಚ್‌ನಲ್ಲಿ ಮುಚ್ಚಿದ ಕೇರಳದ ಶಾಲೆಗಳು ಕೆಳತರಗತಿಯ ಮಕ್ಕಳಿಗೆ ಪುನಃ ತೆರೆದದ್ದು 2021ರ ನವೆಂಬರ್ 1ರಂದು. 2020ರ ಜುಲೈಯಲ್ಲಿ ತಿರುವನಂತಪುರಕ್ಕೆ ಟ್ರಿಪಲ್ ಲಾಕ್‌ಡೌನ್ ಬಂದಾಗ, ಸದಾ ಗಿಜಿಗುಡುವ ಚಾಲೈ ಪೇಟೆಯೂ ಸ್ತಬ್ಧವಾಯಿತು. ಕುಳಿತಲ್ಲಿ ಕೂರದ ಮಗುವಿರುವ ಮನೆಗಳಿಗೆ ಅದು ಕಠಿಣ ಪರೀಕ್ಷೆ. ವಿಕ್ಟರ್ಸ್ ವಾಹಿನಿಯ 'ಫಸ್ಟ್ ಬೆಲ್' ಪಾಠ ಕೆಲಹೊತ್ತಿನಲ್ಲೇ ಮುಗಿಯುತ್ತಿತ್ತು, ಉಳಿದ ಹಗಲು?

ಗದರುವುದು ಸುಲಭ, ಮೊಬೈಲು ಕೊಡುವುದು ಇನ್ನೂ ಸುಲಭ. ಎರಡರಿಂದಲೂ ಮಗು ಕಲಿಯುವುದೇನೂ ಇಲ್ಲ. ಅಂಥ ಮಗುವಿಗೆ ಬೇಕಾದುದು ಕೈಗೆ ಕೆಲಸ, ಆ ಕೆಲಸಕ್ಕೆ ಕಣ್ಣಿಗೆ ಕಾಣುವ ಕೊನೆ. 'ಸುಮ್ಮನಿರು' ಎನ್ನುವ ಬದಲು 'ಹತ್ತು ಹೂಬತ್ತಿ ಮಾಡು' ಎನ್ನಬೇಕು. ತುಳಸಿ ಬಿಡಿಸುವುದು, ಕೋಸಂಬರಿಯ ಹೆಸರುಬೇಳೆ ಆರಿಸುವುದು, ರಂಗೋಲಿಯ ಚುಕ್ಕಿ ಇಡುವುದು ಎಲ್ಲವೂ ಸಲ್ಲುತ್ತವೆ. ಹತ್ತು ನಿಮಿಷದ ಬಳಿಕ ಓಡಾಡಲು ಬಿಡಬೇಕು. ಮಗು ಮಾಡಿದ ಬತ್ತಿ ಸೊಟ್ಟಗಿದ್ದರೂ ಆ ಸಂಜೆಯೇ ದೀಪದಲ್ಲಿ ಉರಿಯಬೇಕು. ತಿದ್ದಿ ಬದಿಗಿಟ್ಟರೆ ಮರುದಿನ ಅದು ಕೈಯೊಡ್ಡದು.

ಇಷ್ಟಾದರೂ ಮನೆ, ಶಾಲೆ ಎರಡೂ ಕಡೆ ತಿಂಗಳುಗಟ್ಟಲೆ ಕಷ್ಟವೇ ಆದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. ಅದು ಮಗುವಿನ ಹಟವೂ ಅಲ್ಲ, ತಾಯಿಯ ತಪ್ಪೂ ಅಲ್ಲ.

ಯಶೋದೆ ಬಾಲಕೃಷ್ಣನನ್ನು ಒರಳಿಗೆ ಕಟ್ಟಿದಳು. ಒರಳೂ ನಡೆಯಿತು, ಮರಗಳೂ ಉರುಳಿದವು! ಚೈತನ್ಯವನ್ನು ಕಟ್ಟಿಹಾಕಲಾಗದು, ದಾರಿ ತೋರಬಹುದು.

ಶ್ರೀಕೃಷ್ಣಾರ್ಪಣಮಸ್ತು.