ಔಷಧರಸಾಯನದ ವ್ಯಾಸಂಗ



ಚಳಿಜ್ವರದಿಂದ ನಡುಗುತ್ತಿರುವ ಕೂಸಿಗೆ ತಾಯಿಯು ಕೊಡುವ ಪುಡಿಯಲ್ಲಿ ಕ್ವಿನೈನು ಎಷ್ಟಿದೆಯೆಂಬುದನ್ನು ಆಕೆಯು ಬಲ್ಲಳೆ? ಮಾರುವವನಾದರೂ ಬಲ್ಲನೆ? ಕಹಿಯೊಂದೇ ಸಾಕ್ಷಿಯೆನ್ನುವುದಾದರೆ, ಕಹಿಯಾದ ವಸ್ತುಗಳು ಲೋಕದಲ್ಲಿ ಬೇಕಾದಷ್ಟುಂಟು. ಹಿಂದೂಸ್ಥಾನದ ಪೇಟೆಗಳಲ್ಲಿ ಕಲಬೆರಕೆಯ, ಸತ್ತ್ವಹೀನವಾದ ಔಷಧಗಳು ಮಾರಾಟವಾಗುತ್ತಿವೆಯೆಂಬ ದೂರು ಹೆಚ್ಚಲು, ಸರಕಾರವು 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾಸಮಿತಿಯೊಂದನ್ನು ನೇಮಿಸಿತು. ಕಾನೂನು ಬೇಕು, ಅದರೊಡನೆ ಔಷಧವನ್ನು ಬಲ್ಲ ವಿದ್ಯಾವಂತರೂ ಬೇಕು ಎಂಬುದು 1931ರ ಅದರ ವರದಿಯ ತಾತ್ಪರ್ಯ.

ಅಂಥವರು ಎಲ್ಲಿಂದ ಬರಬೇಕು? ವೈದ್ಯನ ಚೀಟಿಯಂತೆ ಬೆರಸಿಕೊಡುವುದು ಕಂಪೌಂಡರನ ಕೆಲಸ. ಬೆರಸುವ ಔಷಧವನ್ನೇ ಪರೀಕ್ಷಿಸುವುದು ಬೇರೊಂದು ವಿದ್ಯೆ. ಪಂಡಿತ ಮದನಮೋಹನ ಮಾಲವೀಯರು ಕಟ್ಟಿದ ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ, ಪ್ರೊಫೆಸರ್ ಮಹಾದೇವಲಾಲ ಶ್ರಾಫ್‌ರವರ ಪ್ರಯತ್ನದಿಂದ, 1932ರಲ್ಲಿ ಔಷಧರಸಾಯನವು ಬಿ.ಎಸ್‌ಸಿ. ತರಗತಿಯ ಪಾಠ್ಯವಿಷಯವಾಯಿತು. 1937ರಲ್ಲಿ ಮೂರು ವರ್ಷಗಳ ಬಿ.ಫಾರ್ಮ್. ವ್ಯಾಸಂಗವು ಅಲ್ಲಿಯೇ ಮೊದಲಾಯಿತು. ಔಷಧಗಳ ಕಾನೂನು ಬಂದುದು 1940ರಲ್ಲಿ. ಕಾನೂನಿಗಿಂತ ಪಾಠಶಾಲೆಯೇ ಮುಂದಾದುದು ನಮ್ಮ ದೇಶದಲ್ಲಿ ಅಪೂರ್ವವೆನ್ನಬೇಕು!

ಇಂತಹ ಶಾಖೆಯ ವಿದ್ಯಾರ್ಥಿಯು ಸಿಂಕೋನಾ ತೊಗಟೆಯನ್ನು ಪುಡಿಮಾಡಿ, ಸುಣ್ಣದೊಡನೆ ಕಲಸಿ, ಅದರೊಳಗಿನ ಕ್ಷಾರಸತ್ತ್ವಗಳನ್ನು ಬಿಡಿಸುತ್ತಾನೆ. ತಕ್ಕ ದ್ರಾವಕದಲ್ಲಿ ಅವನ್ನು ಇಳಿಸಿ, ನೀರು ಬೆರಸಿದ ಗಂಧಕಾಮ್ಲದಿಂದ ಮತ್ತೆ ಹಿಂದಕ್ಕೆ ಪಡೆಯುತ್ತಾನೆ. ಆ ಆಮ್ಲಜಲವನ್ನು ಬಿಸಿಲಿಗೆ ಹಿಡಿದರೆ ತೆಳುನೀಲಿಯ ಹೊಳಪೊಂದು ಕಾಣುವುದು. ನೋಡಲು ಮನೋಹರವೇ ಸರಿ. ಆದರೆ ಆ ಹೊಳಪಿನಿಂದ ಕ್ವಿನೈನು ಉಂಟೆಂದು ಊಹಿಸಬಹುದಲ್ಲದೆ, ಎಷ್ಟುಂಟೆಂದು ಬರಿಗಣ್ಣಿಗೆ ತಿಳಿಯದು. ತಿಳಿಯಬೇಕಾದರೆ ಶುದ್ಧಮಾಡಬೇಕು, ಒಣಗಿಸಬೇಕು, ತಕ್ಕಡಿಯಲ್ಲಿ ತೂಗಬೇಕು. ತೂಕವು ಸ್ಥಿರವಾಗುವವರೆಗೆ ಮತ್ತೆ ಒಣಗಿಸಿ ಮತ್ತೆ ತೂಗಬೇಕು. ಈ ಬೇಸರದ ಕೆಲಸವನ್ನು ಸಹಿಸಲಾರದವನು ಈ ವಿದ್ಯೆಗೆ ಬಾರದಿರುವುದೇ ಲೇಸು.

ಸಂಶೋಧನೆಯ ದಾರಿಯು ಇನ್ನೂ ಉದ್ದವಾದುದು. ಉನ್ಮಾದಕ್ಕೆ ನಮ್ಮ ವೈದ್ಯರು ಬಳಸುತ್ತಿದ್ದ ಸರ್ಪಗಂಧಿಯ ಬೇರಿನಿಂದ, ದಿಲ್ಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರೂ ಅವರ ಸಹೋದ್ಯೋಗಿಗಳೂ 1931ರಲ್ಲಿ ಐದು ಕ್ಷಾರಸತ್ತ್ವಗಳನ್ನು ಬೇರ್ಪಡಿಸಿದರು. ಮನಸ್ಸನ್ನು ಶಾಂತಗೊಳಿಸುವ ಮುಖ್ಯ ಗುಣವು ಅವುಗಳಲ್ಲಿ ದೊರೆಯಲಿಲ್ಲ. ಅದು ರಾಳದಂತಹ ಶೇಷಭಾಗದಲ್ಲಿ ಅಡಗಿದ್ದಿತು. ಆ ಭಾಗದಿಂದ ರೆಸರ್ಪೀನ್ ಎಂಬ ಸತ್ತ್ವವನ್ನು ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಹರಳುರೂಪದಲ್ಲಿ ತೆಗೆದುದು 1952ರಲ್ಲಿ.