ಊರಿನ ಚರಿತ್ರೆಯನ್ನು ಅಚ್ಚಿಗೆ ಕೊಟ್ಟಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಗಾದೆ. ಊರಿನ ಚರಿತ್ರೆಯೊಂದನ್ನು ಬರೆದು ಅಚ್ಚು ಹಾಕಿಸಿದವನು ಅದಕ್ಕೆ ಮೂರನೆಯ ಮಾತೊಂದನ್ನು ಸೇರಿಸಿಯಾನು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಚರಿತ್ರೆಯನ್ನು ಪುಸ್ತಕರೂಪಕ್ಕೆ ತರುವಾಗ ನಾನು ಕಂಡುಂಡ ಕೆಲವು ಸಂಗತಿಗಳನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಈ ತಾಲ್ಲೂಕಿನಲ್ಲಿ ಚರಿತ್ರೆಕಾರನಿಗೆ ಸಾಮಗ್ರಿಯ ಬಡತನವಿಲ್ಲ. ಬಿ. ಎಲ್. ರೈಸರು 1902ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ 7ನೆಯ ಸಂಪುಟದಲ್ಲಿಯೇ ಇಲ್ಲಿನ ನೂರಾರು ಶಾಸನಗಳಿವೆ. ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ, ಮಯೂರಶರ್ಮನು ವಿದ್ಯೆಗಾಗಿ ಕಂಚಿಗೆ ಹೋಗಿ, ಅಲ್ಲಿ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ಹೇಳಿದ್ದಾನೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವಂತೂ ವೇದ ವ್ಯಾಕರಣಗಳ ಪಾಠವನ್ನು ಹೇಳಿದಷ್ಟೇ ಆದರದಿಂದ ಕುರುಡರಿಗೂ ಕುಂಟರಿಗೂ ಅಲ್ಲಿ ಸಿಗುತ್ತಿದ್ದ ಅನ್ನವನ್ನೂ ರೋಗಿಗಳಿಗೆ ಸಿಗುತ್ತಿದ್ದ ಔಷಧವನ್ನೂ ಹೇಳುತ್ತದೆ. ಅರಸರ ಯುದ್ಧಗಳಿಗಿಂತ ಈ ಮಾತುಗಳನ್ನು ಎತ್ತಿ ಬರೆಯುವುದೇ ನನಗೆ ಹೆಚ್ಚು ಹಿತವಾಯಿತು.

ತೊಡಕು ಬಂದದ್ದು ಕಲ್ಲಿನ ಮಾತಿಗೂ ಜನರ ಮಾತಿಗೂ ನಡುವೆ. ಬಳ್ಳಿಗಾವೆಯೆಂದರೆ ಬಲಿಚಕ್ರವರ್ತಿಯ ಊರು, ಪಂಚಲಿಂಗಗಳನ್ನು ಪಾಂಡವರು ಸ್ಥಾಪಿಸಿದರು, ಹೈದರಾಲಿಯೋ ಟಿಪ್ಪುವೋ ಬೇಟೆಗೆ ಬಂದುದರಿಂದ ಶಿಕಾರಿಪುರವೆಂಬ ಹೆಸರಾಯಿತು, ಹೀಗೆ ಜನರ ಬಾಯಲ್ಲಿ ನೂರು ಸಂಗತಿಗಳು. ಇವನ್ನು ಬಿಟ್ಟರೆ ಊರವರು ಪುಸ್ತಕ ತಮ್ಮದಲ್ಲವೆಂದಾರು. ಚರಿತ್ರೆಯೆಂದೇ ಬರೆದರೆ ವಿದ್ವಾಂಸರು ನಕ್ಕಾರು. ಕಡೆಗೆ ನಾನು ಪ್ರತಿ ಊರಿಗೂ ಮೂರು ಭಾಗ ಮಾಡಿದೆ: ಶಾಸನ ಹೇಳುವುದು, ಜನರು ಹೇಳುವುದು, ನನ್ನ ಊಹೆ. ಒಂದನ್ನೊಂದು ಮುಟ್ಟಗೊಡಲಿಲ್ಲ. ಹಿರಿಯರೊಬ್ಬರು, "ನಮ್ಮ ಮಾತಿಗೂ ಒಂದು ಮಣೆ ಹಾಕಿದ್ದೀಯಲ್ಲ, ಸಾಕು" ಎಂದರು.

ಈ ಕಟ್ಟುಪಾಡಿಗೆ ಪರೀಕ್ಷೆಯೂ ಬಂತು. ಒಂದು ಹಳ್ಳಿಯ ಕೆರೆಯ ಸೋಪಾನದಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದ್ದ ವೀರಗಲ್ಲೊಂದು ಸಿಕ್ಕಿತು. ತುರುಗಳನ್ನು ಮರಳಿಸಿ ಮಡಿದವನೊಬ್ಬನ ಕಲ್ಲು. ಅವನ ಹೆಸರಿನಲ್ಲಿ ಎರಡೇ ಅಕ್ಷರ ಉಳಿದಿದ್ದವು. ಮಿಕ್ಕವನ್ನು ಸಾಬೂನೂ ನೀರೂ ತಿಂದುಹಾಕಿದ್ದವು. ಆ ಊರಿನ ಸ್ಥಿತಿವಂತರೊಬ್ಬರು ಆ ವೀರ ತಮ್ಮ ವಂಶದ ಮೂಲಪುರುಷನೆಂದೂ, ತಾವು ಹೇಳುವ ಹೆಸರನ್ನು ತುಂಬಿಸಿದರೆ ಅಚ್ಚಿನ ಕಾಗದದ ವೆಚ್ಚವೆಲ್ಲ ತಮ್ಮದೆಂದೂ ಹೇಳಿದರು. ಕೈಯಲ್ಲಿ ಹಣವಿರಲಿಲ್ಲ, ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಮಡಿದವನು ಯಾರೋ ಬಡ ಗೋವಳನಾಗಿದ್ದರೆ? ಲೋಕದಲ್ಲಿ ಅವನಿಗೆ ಉಳಿದಿರುವ ಆಸ್ತಿ ಆ ಎರಡು ಅಕ್ಷರ ಮಾತ್ರ. ಅದನ್ನೂ ಇನ್ನೊಬ್ಬರ ಹೆಸರಿಗೆ ಬರೆದುಕೊಡಲು ನಾನು ಯಾರು? ಎರಡು ಅಕ್ಷರ ಬರೆದು ಮುಂದೆ ಚುಕ್ಕಿಗಳನ್ನಿಟ್ಟೆ. ಕಾಗದದ ಹಣ ಬರಲಿಲ್ಲ. ಮುಂಗಡ ಚಂದಾ ಕೂಡಿಸಿ, ಚಿತ್ರಪಟಗಳನ್ನು ಅರ್ಧಕ್ಕಿಳಿಸಿ ಕೆಲಸ ಸಾಗಿಸಬೇಕಾಯಿತು.

ಇನ್ನು ಅಚ್ಚುಕೂಟದ ಪಾಡು. ಹಳಗನ್ನಡದ ಶಕಟರೇಫ ಱ, ರಳವೆನಿಸುವ ೞ, ಇವೆರಡೂ ಅವರ ಕಂಪ್ಯೂಟರಿನ ಅಕ್ಷರಮಾಲೆಯಲ್ಲಿ ಇರಲಿಲ್ಲ. "ಳ ಹಾಕಿದರಾಯಿತಲ್ಲ, ಸ್ವಾಮಿ, ಓದುವವರಿಗೆ ಏನು ವ್ಯತ್ಯಾಸ?" ಎಂದರು. ವ್ಯತ್ಯಾಸವುಂಟು. ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಬದುಕು. ವೀರಗಲ್ಲಿನಲ್ಲಿ ಇವೆರಡನ್ನೂ ಒಂದು ಮಾಡುವುದೆಂದರೆ ಹೇಗೆ? ಬೇರೆ ಅಕ್ಷರಮಾಲೆ ತರಿಸಿ, ಕರಡನ್ನು ನಾಲ್ಕು ಸಲ ತಿದ್ದಿದ ಮೇಲೆ ಆ ಅಕ್ಷರಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಬಂದು ಕುಳಿತವು.

ಊರಿನ ಚರಿತ್ರೆಗೆ ಮುಕ್ತಾಯವೆಂಬುದಿಲ್ಲ. ತಾಳಗುಂದವನ್ನೇ ನೋಡಿ. ಅಲ್ಲಿ ಓದುವುದೆಲ್ಲ ಮುಗಿಯಿತೆಂದು ಭಾವಿಸಿದ್ದಾಗ, 2013ರ ಉತ್ಖನನದಲ್ಲಿ ಸಿಂಹಕಟಾಂಜನದ ಶಾಸನ ದೊರೆಯಿತು. ಅದು ಕ್ರಿ. ಶ. 370ರ ಸುಮಾರಿನದು, ಅಂದರೆ ಹಲ್ಮಿಡಿಗಿಂತ ಹಿಂದಿನದು ಎಂದು ಪುರಾತತ್ತ್ವ ಇಲಾಖೆಯವರು ಅಭಿಪ್ರಾಯಪಟ್ಟರು. ಆದ್ದರಿಂದ ಪ್ರತಿ ಅಧ್ಯಾಯದ ಕೊನೆಗೂ ಒಂದು ಪುಟವನ್ನು ಬರಿದಾಗಿ ಬಿಟ್ಟಿದ್ದೇನೆ. ಓದುವವರು ತಮಗೆ ತಿಳಿದುದನ್ನು ಅಲ್ಲಿ ಬರೆದುಕೊಳ್ಳಲಿ.

ತಮ್ಮ ಊರಿನಲ್ಲಿಯೂ ಕೆರೆಯ ಮೆಟ್ಟಿಲಾಗಿ, ದನ ಕಟ್ಟುವ ಗೂಟವಾಗಿ ಅಕ್ಷರದ ಕಲ್ಲುಗಳು ಇದ್ದಾವು. ಪುಸ್ತಕ ಬರೆಯುವ ಪುಣ್ಯ ಎಲ್ಲರಿಗೂ ಬರಬೇಕಾದುದಿಲ್ಲ. ಅಂಥ ಕಲ್ಲನ್ನು ಎತ್ತಿ ಒಂದು ಗೋಡೆಯ ಬದಿಗೆ ನಿಲ್ಲಿಸಿ. ಅದರ ಕಥೆ ಬಲ್ಲ ಮುದುಕರ ಬಳಿ ಒಂದು ಸಂಜೆ ಕುಳಿತು, ಅವರು ಹೇಳಿದುದನ್ನು ಹೇಳಿದ ಹಾಗೆಯೇ ಬರೆದಿಡಿ. ತಿಳಿಯದ ಕಡೆ ಚುಕ್ಕಿಯಿಡಿ. ಮುಂದೆ ಬರುವ ಚರಿತ್ರೆಕಾರನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.